ದ್ವೀಪಯಾತ್ರೆಗೆ ಹೊರಡುವ ಮುನ್ನ

ಮಹಾಕಾವ್ಯವೆನಿಸಿಕೊಳ್ಳಬೇಕಾದರೆ ಅದರಲ್ಲಿ ಹದಿನೆಂಟು ಬಗೆಯ ವರ್ಣನೆಗಳಿರಬೇಕೆಂದು ನಮ್ಮ ಲಾಕ್ಷಣಿಕರು ನಿಯಮ ಮಾಡಿಟ್ಟಿದ್ದಾರೆ. ಅವುಗಳಲ್ಲಿ ಸಮುದ್ರವರ್ಣನೆಯೂ ಒಂದು. ಕವಿಯು ಕಡಲನ್ನು ಕಂಡಿರಲಿ, ಕಾಣದಿರಲಿ, ಬಣ್ಣಿಸಲೇಬೇಕು. ಆದುದರಿಂದಲೇ ನಮ್ಮ ಕಾವ್ಯಗಳಲ್ಲಿ ತಿಮಿಗಳು ಹೊರಳುತ್ತವೆ, ಮಕರಗಳು ಬಾಯ್ದೆರೆಯುತ್ತವೆ, ಮುತ್ತು ಹವಳಗಳು ರಾಶಿ ಬೀಳುತ್ತವೆ. ಓದುವವನು ಕುಳಿತಲ್ಲಿಂದ ಏಳಬೇಕಾಗಿಲ್ಲ, ಅವನ ಪಂಚೆಯ ಅಂಚೂ ನೆನೆಯುವುದಿಲ್ಲ. ಆದರೆ ನಿಜವಾದ ಕಡಲಿಗೆ ಹೋಗುವವನ ಸಂಗತಿ ಬೇರೆ. ಅವನು ಮೊದಲು ತಿಥಿ ನೋಡಬೇಕು, ಗಾಳಿ ನೋಡಬೇಕು, ಜೊತೆಗೆ ಬರುವವರ ತಲೆ ಎಣಿಸಬೇಕು. ಕಡಲಿನ ನಡುವೆ ಇರುವ ದ್ವೀಪವೊಂದಕ್ಕೆ ಹೊರಟವನಿಗಂತೂ ಈ ಎಚ್ಚರ ಇಮ್ಮಡಿ ಬೇಕು. ಇಂದು ನಾನು ತಮ್ಮೊಡನೆ ಆಡಬೇಕೆಂದಿರುವ ನಾಲ್ಕು ಮಾತು ಈ ಸಿದ್ಧತೆಯನ್ನು ಕುರಿತದ್ದು.

ದ್ವೀಪವೆಂಬ ಶಬ್ದ ಸಂಸ್ಕೃತದ್ದು. ‘ದ್ವಿ’ ಎಂದರೆ ಎರಡು, ‘ಅಪ್’ ಎಂದರೆ ನೀರು. ಎರಡು ಕಡೆಯೂ ನೀರುಳ್ಳದ್ದು ದ್ವೀಪ. ಅಚ್ಚಗನ್ನಡದಲ್ಲಿ ಅದಕ್ಕೆ ನಡುಗಡ್ಡೆ ಎನ್ನುತ್ತೇವೆ. ನಮ್ಮ ಕರಾವಳಿಯವರು ಹೊಳೆಯ ನಡುವಣ ನೆಲಕ್ಕೆ ಕುದುರು ಅಥವಾ ಕುದ್ರು ಎಂದು ಹೆಸರಿಟ್ಟಿದ್ದಾರೆ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಕಡೆಯ ನಮಗೆ ಹೊಳೆ ಗೊತ್ತು, ತೋಡು ಗೊತ್ತು, ಆಟಿ ತಿಂಗಳಲ್ಲಿ ಕೆಂಪಾಗಿ ಉಕ್ಕಿ ಪಾಣೆಮಂಗಳೂರಿನ ಸೇತುವೆಯಡಿಯಲ್ಲಿ ಮೊರೆಯುವ ನೇತ್ರಾವತಿ ಚೆನ್ನಾಗಿ ಗೊತ್ತು. ಆದರೆ ಕಡಲು ಅಷ್ಟಾಗಿ ಗೊತ್ತಿಲ್ಲ. ಬಿ.ಸಿ.ರೋಡಿನಿಂದ ಮಂಗಳೂರಿಗೆ ಸುಮಾರು 25 ಕಿಲೋಮೀಟರು ಮಾತ್ರ. ಆದರೂ ಕಡಲನ್ನು ಹತ್ತಿರದಿಂದ ಕಂಡಿರದ ಮಕ್ಕಳು ನಮ್ಮ ತರಗತಿಗಳಲ್ಲಿ ಇಂದಿಗೂ ಇದ್ದಾರೆ. ‘ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ’ ಎಂಬ ಗಾದೆ ನಮಗೇ ಹೇಳಿಸಿದಂತಿದೆ.

ದ್ವೀಪದಲ್ಲಿ ರಜೆ ಕಳೆಯಬೇಕೆಂಬ ಆಸೆ ಈಗ ಎಲ್ಲರಲ್ಲಿಯೂ ಹುಟ್ಟಿದೆ. ಹಣವುಳ್ಳವರು ಮಾಲ್ಡೀವ್ಸ್ ಎನ್ನುತ್ತಾರೆ, ಅಂಡಮಾನ್ ಎನ್ನುತ್ತಾರೆ. ಇತ್ತೀಚೆಗೆ ಲಕ್ಷದ್ವೀಪದ ಹೆಸರೂ ಬಹಳ ಕೇಳಿಬರುತ್ತಿದೆ. ಲಕ್ಷದ್ವೀಪ ನಮಗೆ ಪರಕೀಯವಾದ ಊರಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರ ಎಂಬ ಐದು ದ್ವೀಪಗಳ ಗುಂಪಿಗೆ ಅಮಿನದೀವಿ ಎಂದು ಹೆಸರು. ಅಲ್ಲಿಯ ಜನ ಕಣ್ಣಾನೂರಿನ ಅರಕ್ಕಲ್ ಅರಸುಮನೆತನದ ಆಡಳಿತಕ್ಕೆ ಬೇಸತ್ತು ಟಿಪ್ಪು ಸುಲ್ತಾನನ ಆಶ್ರಯ ಬೇಡಿದರು. 1799ರಲ್ಲಿ ಟಿಪ್ಪು ಮಡಿದ ತರುವಾಯ ಈ ದ್ವೀಪಗಳು ಇಂಗ್ಲಿಷರ ವಶವಾಗಿ, ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದುವು. 1956ರ ನವೆಂಬರ್ 1ರಂದು ಲಕ್ಷದ್ವೀಪಗಳು ಕೇಂದ್ರಾಡಳಿತ ಪ್ರದೇಶವಾಗುವ ತನಕವೂ ಅಮಿನದೀವಿಯ ಆಡಳಿತ ಮಂಗಳೂರಿನಿಂದಲೇ ನಡೆಯುತ್ತಿತ್ತು. ಹಾಯಿ ಕಟ್ಟಿದ ಓಡಗಳಲ್ಲಿ ಅವರು ತೆಂಗಿನ ನಾರಿನ ಹುರಿ ತರುತ್ತಿದ್ದರು, ಮಂಗಳೂರಿನ ಬಂದರದಿಂದ ಅಕ್ಕಿ ಒಯ್ಯುತ್ತಿದ್ದರು. ಅಲ್ಲಿ ಭತ್ತ ಬೆಳೆಯುವಂತಿಲ್ಲ. ಇಲ್ಲಿಯ ಅಕ್ಕಿಯೇ ಅವರ ಅನ್ನವಾಗಿತ್ತು.

ಆ ದ್ವೀಪಗಳ ಸ್ಥಿತಿ ಎಂತಹುದೆಂಬುದನ್ನು ತುಸು ಕೇಳಿ. ಲಕ್ಷವೆಂಬ ಹೆಸರಿದ್ದರೂ ಇರುವುವು 36, ಜನವಸತಿಯಿರುವುದು ಹತ್ತರಲ್ಲಿ. ಎಲ್ಲ ಸೇರಿ ನೆಲ 32 ಚದರ ಕಿಲೋಮೀಟರು. 2011ರ ಜನಗಣತಿಯಂತೆ ಜನ 64,473. ಎಂದರೆ ಒಂದು ಚದರ ಕಿಲೋಮೀಟರಿಗೆ ಸುಮಾರು ಎರಡು ಸಾವಿರ ಮಂದಿ. ಹೊಳೆಯಿಲ್ಲ, ಕೆರೆಯಿಲ್ಲ. ಮಳೆಯ ನೀರು ಹವಳದ ಮರಳಿನೊಳಕ್ಕೆ ಇಳಿದು, ಉಪ್ಪುನೀರಿಗಿಂತ ಹಗುರವಾದುದರಿಂದ ಅದರ ಮೇಲೆ ಹಾಲಿನ ಕೆನೆಯಂತೆ ತೆಳ್ಳಗೆ ನಿಂತಿರುತ್ತದೆ. ಬಾವಿಯಲ್ಲಿ ದೊರಕುವುದು ಆ ಕೆನೆಯೇ. ಹೆಚ್ಚು ಸೇದಿದರೆ ಕೆಳಗಣ ಉಪ್ಪುನೀರು ಮೇಲಕ್ಕೆ ಬರುತ್ತದೆ. ಕವರತ್ತಿಯಲ್ಲಿ 2005ರಲ್ಲಿ ಕಡಲನೀರನ್ನು ಸಿಹಿನೀರಾಗಿಸುವ, ದಿನಕ್ಕೆ ಒಂದು ಲಕ್ಷ ಲೀಟರಿನ ಸ್ಥಾವರವನ್ನು ಕಟ್ಟಬೇಕಾಗಿ ಬಂದುದು ಇದಕ್ಕಾಗಿಯೇ. ಇಂತಹ ಮನೆಗೆ ನೆಂಟರಾಗಿ ಹೋಗುವವರು ದಿನಕ್ಕೆ ಎಷ್ಟು ಬಾರಿ ಮಿಂದೇವು, ಎಷ್ಟು ಕೊಡ ನೀರು ಸುರಿದೇವು ಎಂದು ಯೋಚಿಸುವುದು ಬೇಡವೆ? ಕಡಲು ಹೆಚ್ಚು ಬಿಸಿಯಾದ 1998, 2010 ಮತ್ತು 2016ರಲ್ಲಿ ಅಲ್ಲಿಯ ಹವಳದ ಬಂಡೆಗಳು ಬಣ್ಣಗೆಟ್ಟು ಬಿಳಿಚಿಕೊಂಡುವು. 2024ರಲ್ಲಿ ಮತ್ತೊಮ್ಮೆ ಹಾಗಾಯಿತು. ಹವಳವು ಸಜೀವವಾಗಿದ್ದು ಬೆಳೆಯುತ್ತಿದ್ದರಷ್ಟೇ ಆ ದ್ವೀಪಗಳಿಗೆ ಅಲೆಯ ಹೊಡೆತದಿಂದ ರಕ್ಷಣೆ. ಬಂಗಾರಂ ಗುಂಪಿನಲ್ಲಿದ್ದ ಪರಳಿ ಎಂಬ ನಿರ್ಜನ ತುಣುಕೊಂದು ಪೂರ್ತಿ ಕೊರೆದುಹೋಗಿ ನೀರಿನಡಿ ಸೇರಿತೆಂದು 2017ರಲ್ಲಿ ವರದಿಯಾಯಿತು. ಆದುದರಿಂದ ಲಕ್ಷದ್ವೀಪಕ್ಕೆ ಹೊರಗಿನವರು ಹೋಗಲು ಅನುಮತಿಪತ್ರ ಬೇಕೆಂದಿರುವುದನ್ನು ತೊಡಕೆಂದು ಗೊಣಗುವಂತಿಲ್ಲ. ಹಾಸಿಗೆ ಚಿಕ್ಕದಿದ್ದಲ್ಲಿ ಮಲಗುವವರ ಲೆಕ್ಕವಿಡಲೇಬೇಕು.

ಲಕ್ಷದ್ವೀಪಕ್ಕೆ ವಾರದ ಬಿಡುವು ಬೇಕು, ಕೈತುಂಬ ಹಣ ಬೇಕು. ಒಂದೇ ದಿನದ ಬಿಡುವುಳ್ಳ, ಸಾಧಾರಣ ಸಂಪಾದನೆಯ ಸಂಸಾರವಂದಿಗರಿಗೂ ಶಾಲೆಯ ಮಕ್ಕಳಿಗೂ ಒದಗುವ ದ್ವೀಪ ಯಾವುದು? ಮುರುಡೇಶ್ವರದಾಚೆ ಸುಮಾರು 19 ಕಿಲೋಮೀಟರು ದೂರದಲ್ಲಿ ನೇತ್ರಾಣಿಯಿದೆ. ಅದು ನೀರಿನೊಳಗೆ ಮುಳುಗಿ ಹವಳ ಮೀನುಗಳನ್ನು ನೋಡಬಲ್ಲ ಸಾಹಸಿಗಳಿಗೆ ತಕ್ಕದ್ದು. ನಮಗೆ ಹತ್ತಿರದ್ದು, ಸುಲಭವಾದುದು, ಮಲ್ಪೆಯ ಎದುರಿನ ಸಂತ ಮೇರಿ ದ್ವೀಪ. ಹಳಬರು ಅದನ್ನು ತೋನ್ಸೆಪಾರ್ ಎನ್ನುತ್ತಾರೆ. ಅದು ಒಂದಲ್ಲ, ಹಲವು ದ್ವೀಪಗಳ ಸಾಲು. ಬಿದನೂರಿನ ಬಸಪ್ಪ ನಾಯಕನು ಕೋಟೆ ಕಟ್ಟಿಸಿದನೆನ್ನುವ ದರಿಯಾ ಬಹಾದ್ದೂರ್ ಗಡವೂ ಆ ಸಾಲಿನದೇ. ಜನ ಹೋಗಿಬರುವುದು ತೆಂಗಿನ ಮರಗಳುಳ್ಳ ದ್ವೀಪಕ್ಕೆ. ಅದರ ಉದ್ದ ಹೆಚ್ಚೆಂದರೆ ಅರ್ಧ ಕಿಲೋಮೀಟರು, ಅಗಲ ನೂರು ಮೀಟರಿನಷ್ಟು. ನಮ್ಮಲ್ಲಿಯ ಒಂದು ದೊಡ್ಡ ಅಡಕೆ ತೋಟದಷ್ಟೇ ನೆಲ.

ಅಷ್ಟು ಚಿಕ್ಕ ನೆಲದಲ್ಲಿ ನೋಡತಕ್ಕದ್ದೇನು? ಕಂಬಗಳು. ಯಾರೋ ಶಿಲ್ಪಿ ಉಳಿ ಹಿಡಿದು ಕೆತ್ತಿ, ಒಂದರ ಪಕ್ಕಕ್ಕೊಂದು ಒತ್ತಿ ನಿಲ್ಲಿಸಿದಂತೆ ಕಪ್ಪು ಕಲ್ಲಿನ ಕಂಬಗಳು. ಕೆಲವಕ್ಕೆ ಐದು ಮೈ, ಕೆಲವಕ್ಕೆ ಆರು, ಅಲ್ಲಲ್ಲಿ ನಾಲ್ಕು ಅಥವಾ ಏಳು. ಕೆಲವು ಆಳೆತ್ತರವನ್ನು ಮೀರಿ ಆರು ಮೀಟರಿನ ತನಕ ನಿಂತಿವೆ, ಕೆಲವು ಓರೆಯಾಗಿವೆ, ಕೆಲವು ಮೊಳಕಾಲೆತ್ತರಕ್ಕೆ ಮುರಿದು ಮೆಟ್ಟಿಲುಗಳಂತಾಗಿವೆ. ಇವನ್ನು ಕೆತ್ತಿದ ಕೈ ಯಾವುದು?

ಬೇಸಗೆಯಲ್ಲಿ ಬೈಲುಗದ್ದೆಯನ್ನು ನೋಡಿದವರಿಗೆ ಇದರ ಗುಟ್ಟು ಹೇಳಿಕೊಡಬೇಕಾಗಿಲ್ಲ. ಕೆಸರು ಒಣಗುವಾಗ ಅದರೊಳಗಿನ ನೀರು ಹೋಗಿ ಮಣ್ಣು ಕುಗ್ಗುತ್ತದೆ, ಕುಗ್ಗಿದಾಗ ಬಿರಿಯುತ್ತದೆ, ಬಿರುಕುಗಳು ಒಂದನ್ನೊಂದು ಕೂಡಿ ಐದು ಆರು ಮೂಲೆಯ ಹೆಂಟೆಗಳಾಗುತ್ತವೆ. ದ್ವೀಪದಲ್ಲಿ ಆದುದೂ ಅದೇ. ಅಲ್ಲಿ ಹೋದುದು ನೀರಲ್ಲ, ಕಾವು. ಭೂಮಿಯೊಳಗಿಂದ ಉಕ್ಕಿ ಬಂದ ಕರಗಿದ ಕಲ್ಲು ಮೇಲಿನಿಂದ ತಣಿಯುತ್ತ ಬಂದಂತೆ ಕುಗ್ಗಿತು, ಬಿರಿಯಿತು. ಕಾವು ಇಳಿದಂತೆ ಬಿರುಕೂ ಒಳಕ್ಕೆ ಇಳಿಯುತ್ತ ಹೋಯಿತು. ಗದ್ದೆಯ ಬಿರುಕು ಒಂದು ಗೇಣು ಆಳ. ಇದು ಹಲವು ಮೀಟರು. ಆದುದರಿಂದ ಅಲ್ಲಿ ಹೆಂಟೆಯಾದುದು ಇಲ್ಲಿ ಕಂಬವಾಯಿತು. ಐರ್ಲೆಂಡಿನ ಉತ್ತರ ತೀರದಲ್ಲಿ ಇಂತಹ ಸುಮಾರು 40,000 ಕಂಬಗಳಿವೆ. ಭೀಮಕಾಯನೊಬ್ಬ ಕಡಲು ದಾಟಲು ಕಟ್ಟಿದ ದಾರಿಯೆಂದು ಅಲ್ಲಿಯವರ ಕಥೆ. ಅದನ್ನು 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದರು. ಸಂತ ಮೇರಿಯ ಕಲ್ಲನ್ನು ಬಸಾಲ್ಟ್ ಎಂದು ಸಾಮಾನ್ಯವಾಗಿ ಹೇಳುವುದುಂಟು. ಆದರೆ ಶಾಸ್ತ್ರಜ್ಞರು ಪರೀಕ್ಷಿಸಿ, ಇದು ಹೆಚ್ಚು ಸಿಲಿಕಾ ಉಳ್ಳ ಡೇಸೈಟ್, ರಯೋಲೈಟ್ ಜಾತಿಯ ಜ್ವಾಲಾಶಿಲೆಯೆಂದಿದ್ದಾರೆ. ಇದರ ವಯಸ್ಸು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷ. ಭರತಖಂಡವೂ ಆಫ್ರಿಕಾದ ಬಳಿಯ ಮಡಗಾಸ್ಕರ್ ದ್ವೀಪವೂ ಒಂದಾಗಿದ್ದು ಬೇರೆಯಾದ ಕಾಲ ಅದು. ಒಡಹುಟ್ಟಿದವರು ಪಾಲಾದಾಗ ನಡುಗೋಡೆಯಲ್ಲಿ ಗುರುತು ಉಳಿಯುವಂತೆ, ಆ ಅಗಲಿಕೆಯ ಗುರುತಾಗಿ ಈ ಕಂಬಗಳು ಉಳಿದಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ.

ಕೋಟಿಗಟ್ಟಲೆ ವರ್ಷವೆಂದರೆ ಮಕ್ಕಳಿಗೆ ಸೊನ್ನೆಗಳು ಕಾಣುತ್ತವೆಯೇ ಹೊರತು ಕಾಲ ಕಾಣುವುದಿಲ್ಲ. ಅದಕ್ಕಾಗಿ ನಾನೊಂದು ದಾರಿ ಸೂಚಿಸುತ್ತೇನೆ. ಉಡುಪಿಗೆ ಹೋಗುವಾಗ ಮಂಗಳೂರಿನ ಹೆದ್ದಾರಿ ಬಿಟ್ಟು, ಬಂಟ್ವಾಳ ಪೇಟೆ, ಸಿದ್ಧಕಟ್ಟೆ, ಮೂಡಬಿದಿರೆ, ಕಾರ್ಕಳಗಳ ಮೇಲೆ ಹೋಗಿ. ಮೂಡಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಇಳಿಯಿರಿ. ಅದು ಕಟ್ಟಿದ್ದು 1430ರಲ್ಲಿ. ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ್ದು 1432ರಲ್ಲಿ. ಎರಡೂ ಮನುಷ್ಯನ ಕೈ ಕಲ್ಲಿನ ಮೇಲೆ ಮಾಡಿದ ತಪಸ್ಸು. ಬಸದಿಯ ಕಂಬಗಳನ್ನು ಮಕ್ಕಳು ಕಣ್ತುಂಬ ನೋಡಲಿ, ಒಂದರಂತೆ ಇನ್ನೊಂದಿದೆಯೇ ಎಂದು ಹುಡುಕಲಿ. ತರುವಾಯ ಅವರಿಗೊಂದು ಲೆಕ್ಕ ಕೊಡಿ. ಈ ಬಸದಿಯ ಸುಮಾರು ಆರುನೂರು ವರ್ಷಗಳನ್ನು ಒಂದು ಗೇಣೆಂದು ಇಟ್ಟುಕೊಳ್ಳೋಣ. ದ್ವೀಪದ ಕಂಬಗಳ ಎಂಟು ಕೋಟಿ ಎಂಬತ್ತು ಲಕ್ಷ ವರ್ಷಗಳನ್ನು ಅದೇ ಗೇಣಿನಿಂದ ಅಳೆದರೆ ಎಷ್ಟು ದೂರವಾದೀತು? ಹತ್ತಿರ ಹತ್ತಿರ 33 ಕಿಲೋಮೀಟರು! ಬಿ.ಸಿ.ರೋಡಿನಲ್ಲಿ ಮೊದಲ ಗೇಣು ಇಟ್ಟರೆ ಕೊನೆಯ ಗೇಣು ಮಂಗಳೂರನ್ನು ದಾಟಿ ಕಡಲಿನೊಳಗೆ ಬೀಳುತ್ತದೆ. ಇದನ್ನು ಕೇಳಿ ದ್ವೀಪಕ್ಕೆ ಹೋದ ಮಗು ಆ ಕಲ್ಲಿನ ಮೇಲೆ ತನ್ನ ಹೆಸರು ಕೊರೆಯಲಾರದೆಂದು ನನ್ನ ನಂಬಿಕೆ.

ಹೆಸರಿನ ಮಾತು ಬಂದುದರಿಂದ ಇನ್ನೊಂದು ಸಂಗತಿ. ವಾಸ್ಕೋ ಡ ಗಾಮನು 1498ರಲ್ಲಿ ಕಲ್ಲಿಕೋಟೆಗೆ ಬರುವ ದಾರಿಯಲ್ಲಿ ಈ ದ್ವೀಪದಲ್ಲಿ ಇಳಿದನೆಂದು ಹಲವರು ಹೇಳುವುದುಂಟು. ಆ ಯಾತ್ರೆಯ ದಿನಚರಿ ಹೇಳುವುದು ಬೇರೆ. ಅವನು ಕಲ್ಲಿಕೋಟೆ ಮುಟ್ಟಿದ್ದು ಮೇ ತಿಂಗಳಿನಲ್ಲಿ. ಅಲ್ಲಿಂದ ಹೊರಟು ಹಿಂದಿರುಗುವಾಗ, ಸೆಪ್ಟೆಂಬರಿನಲ್ಲಿ, ಈ ಕರಾವಳಿಯ ದ್ವೀಪವೊಂದರಲ್ಲಿ ಸಂತ ಮೇರಿಯ ಹೆಸರಿನ ಕಲ್ಲುಕಂಬವೊಂದನ್ನು ನೆಡಿಸಿದನು. ಬಳಿಕ ಕಾರವಾರದ ಬಳಿಯ ಅಂಜದೀವಕ್ಕೆ ಹೋದನು. ಆ ಕಂಬ ನೆಟ್ಟ ದ್ವೀಪ ಇದೇ ಸಾಲಿನದೆಂದು ಪ್ರತೀತಿ. ನೆಟ್ಟ ಕಂಬ ಇಂದು ಎಲ್ಲಿಯೂ ಕಾಣದು. ಹುಟ್ಟಿದ ಕಂಬಗಳು ಇವೆ.

ಇಷ್ಟೆಲ್ಲ ಕೇಳಿದ ಮೇಲೆ ನಾಳೆಯೇ ಹೊರಡೋಣವೆನ್ನುವವರಿದ್ದಾರೆ. ಸ್ವಲ್ಪ ತಾಳಿ. ಈ ದ್ವೀಪಕ್ಕೆ ಎಲ್ಲ ಕಾಲದಲ್ಲಿಯೂ ಹೋಗುವಂತಿಲ್ಲ. ಮಳೆಗಾಲದಲ್ಲಿ ದೋಣಿಯ ಸಂಚಾರ ನಿಲ್ಲುತ್ತದೆ. ಮಳೆ ಕಳೆದು ಕಡಲು ತಣ್ಣಗಾದ ಮೇಲೆ, ಸಾಮಾನ್ಯವಾಗಿ ಅಕ್ಟೋಬರಿನಿಂದ ಬೇಸಗೆಯ ಕೊನೆಯ ತನಕ, ಮಲ್ಪೆಯ ಬಂದರದಿಂದಲೂ ಕಡಲತೀರದಿಂದಲೂ ದೋಣಿಗಳು ಹೋಗುತ್ತವೆ. ಹಾದಿ ಸುಮಾರು ಆರು ಕಿಲೋಮೀಟರು, ಅರ್ಧ ಗಂಟೆಯ ಪಯಣ. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಹೋದರೆ ಬಿಸಿಲಿನ ಕಾಟ ಕಡಿಮೆ. ಹಿಂದಿನ ದಿನವೇ ಮಲ್ಪೆಗೆ ದೂರವಾಣಿ ಮಾಡಿ, ದೋಣಿ ಬಿಡುತ್ತಿದ್ದಾರೆಯೇ, ಗಾಳಿ ಹೇಗಿದೆ ಎಂದು ಕೇಳಿಕೊಳ್ಳಿ. ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟಿದ್ದರೆ ಯಾತ್ರೆಯನ್ನು ಮುಂದೂಡಿ. ಬಸ್ಸಿಗೆ ಮುಂಗಡ ಕೊಟ್ಟಾಯಿತೆಂದು ಕಡಲು ತನ್ನ ಗುಣವನ್ನು ಬಿಡದು.

ಪಂಚಾಂಗವನ್ನೂ ಒಮ್ಮೆ ತೆರೆದು ನೋಡಿ. ನಾನು ರಾಹುಕಾಲದ ಮಾತು ಹೇಳುತ್ತಿಲ್ಲ, ತಿಥಿಯ ಮಾತು. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸೂರ್ಯಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಬರುವುದರಿಂದ ಉಬ್ಬರವೂ ಹೆಚ್ಚು, ಇಳಿತವೂ ಹೆಚ್ಚು. ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಕಡಿಮೆ. ದಿನಕ್ಕೆ ಎರಡು ಬಾರಿ ಉಬ್ಬರ. ಇಂದು ಬಂದ ಹೊತ್ತಿಗಿಂತ ನಾಳೆ ಸುಮಾರು 50 ನಿಮಿಷ ತಡ. ಇಳಿತದಲ್ಲಿ ಒಣಗಿ ನಿಂತ ಕಲ್ಲಿನ ಮೇಲೆ ಹತ್ತಿ ಕುಳಿತವನು, ಬುತ್ತಿ ಉಂಡು ಹರಟೆ ಹೊಡೆದು ಏಳುವಷ್ಟರಲ್ಲಿ, ಅವನು ಬಂದ ದಾರಿ ನೀರಿನ ಕೆಳಗಿರಬಹುದು. ತಿಥಿ ನೋಡಿ ಕಡಲಿಗಿಳಿಯುವ ಈ ಜ್ಞಾನ ನಮ್ಮ ಮೊಗವೀರರಿಗೆ ತಲೆಮಾರುಗಳಿಂದ ಬಂದುದು. ಬೈಲಿನ ಜನರಾದ ನಾವು ಅದನ್ನು ಕೇಳಿ ಕಲಿಯಬೇಕು.

ಇನ್ನು ಹೇಳಬೇಕಾದುದು ಮನಸ್ಸಿಗೆ ಕಷ್ಟವಾಗುವ ಮಾತು. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಇದೇ ದ್ವೀಪಕ್ಕೆ ಪ್ರವಾಸ ಬಂದಿದ್ದ ಕಾಲೇಜು ವಿದ್ಯಾರ್ಥಿಗಳಲ್ಲಿ ಮೂವರು ಕಡಲುಪಾಲಾದರು. 2024ರ ಡಿಸೆಂಬರ್ 10ರಂದು ಮುರುಡೇಶ್ವರದ ಕಡಲತೀರದಲ್ಲಿ, ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ವಸತಿಶಾಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಆ ಮಕ್ಕಳು ಬೆಳಗ್ಗೆ ನಕ್ಕು ನಲಿದು ಬಸ್ಸಿಳಿದವರು. ಇಂತಹ ಸುದ್ದಿ ಬಂದಾಗಲೆಲ್ಲ ನಮ್ಮಂತಹ ಉಪಾಧ್ಯಾಯರ ಎದೆ ಝಲ್ಲೆನ್ನುತ್ತದೆ. ಅದಾದ ಕೆಲವು ದಿನಗಳಲ್ಲಿ ಕೈಕಂಬದ ಬಳಿ ಒಬ್ಬ ತಾಯಿ ನನ್ನನ್ನು ನಿಲ್ಲಿಸಿ, “ಮಾಷ್ಟ್ರೇ, ಮಕ್ಕಳನ್ನು ಕಡಲಿಗೆ ಕರ್ಕೊಂಡು ಹೋಗುವುದಂತೆ, ಹೌದಾ? ಗುಡ್ಡೆ, ದೇವಸ್ಥಾನ ಎಲ್ಲಿಗಾದರೂ ಹೋಗಿ. ಕಡಲು ಮಾತ್ರ ಬೇಡ” ಎಂದರು.

ಆ ತಾಯಿಯ ಅಂಜಿಕೆಯನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಯೋಚಿಸಿ ನೋಡಿದರೆ, ಕಡಲು ಬೇಡವೆನ್ನುವುದು ಉತ್ತರವಾಗದು. ನಾವು ಕರೆದೊಯ್ಯದಿದ್ದರೆ, ಆ ಹುಡುಗ ಹದಿನೆಂಟು ತುಂಬಿದೊಡನೆ ಗೆಳೆಯರ ಬೈಕಿನ ಹಿಂದೆ ಕುಳಿತು ತಾನಾಗಿಯೇ ಕಡಲಿಗೆ ಹೋಗುತ್ತಾನೆ. ಅಂದು ಅವನ ಪಕ್ಕದಲ್ಲಿ ಉಬ್ಬರವೆಂದರೇನು, ಎಳೆತವೆಂದರೇನು ಎಂದು ಹೇಳುವವರು ಯಾರೂ ಇರುವುದಿಲ್ಲ. ಹೊಳೆಯ ಬದಿಯಲ್ಲಿ ಹುಟ್ಟಿದವನು ತನಗೆ ಈಜು ಬರುತ್ತದೆಂದು ನಂಬಿರುತ್ತಾನೆ. ಹೊಳೆಯ ಈಜೇ ಬೇರೆ, ಕಡಲೇ ಬೇರೆ. ಅಪಾಯವನ್ನು ಕಲಿಸಬೇಕಾದ ವಯಸ್ಸಿನಲ್ಲಿ ಮರೆಮಾಡಿದರೆ, ಅದು ಮುಂದೆ ಎದುರಾದಾಗ ಅವನು ಬರಿಗೈಯವನು. ಆದುದರಿಂದ ಹೋಗೋಣ. ಆದರೆ ಹೋಗುವ ಮುನ್ನವೇ, ಏನೇನು ಮಾಡುವುದಿಲ್ಲವೆಂಬುದನ್ನು ಗೊತ್ತುಮಾಡಿಕೊಂಡು ಹೋಗೋಣ.

ದ್ವೀಪದ ಬಂಡೆಗಳ ಬಳಿ ನೀರಿಗೆ ಇಳಿಯುವುದಿಲ್ಲ; ಇದು ಮೊದಲನೆಯದು. ಕಂಬಗಳ ಬುಡದಲ್ಲಿ ಪಾಚಿ ಕಟ್ಟಿರುತ್ತದೆ. ಮೇಲಿನಿಂದ ಒಣಗಿದಂತೆ ಕಂಡರೂ ಹೆಜ್ಜೆಯಿಟ್ಟರೆ ಜಾರುತ್ತದೆ. ಕಲ್ಲಿನ ಆಚೆ ಎಷ್ಟು ಆಳವೆಂದು ತಿಳಿಯದು. ಹತ್ತು ಸಣ್ಣ ಅಲೆ ಬಂದ ಮೇಲೆ ಹನ್ನೊಂದನೆಯದು ಆಳೆತ್ತರ ಬರಬಹುದು. ಬೆನ್ನನ್ನು ಕಡಲಿಗೆ ಮಾಡಿ ನಿಂತು, ಕೈಯಲ್ಲಿಯ ಮೊಬೈಲಿಗೆ ನಗುವವನಿಗೆ ಆ ಅಲೆ ಕಾಣುವುದಿಲ್ಲ. ಆದುದರಿಂದ ಕಡಲಿಗೆ ಎಂದೂ ಬೆನ್ನು ಹಾಕಬಾರದು. ಅಪಾಯದ ಗುರುತು ಹಾಕಿದ ಕಡೆ, ಹಗ್ಗ ಕಟ್ಟಿದ ಆಚೆ, ಒಂದು ಹೆಜ್ಜೆಯನ್ನೂ ಇಡಬಾರದು.

ಕಾಲು ನೆನೆಸಲೇಬೇಕೆಂಬ ಮಕ್ಕಳ ಆಸೆ ಸಹಜ. ಅದಕ್ಕೆ ಬರುವ ದಾರಿಯಲ್ಲಿ ಸ್ಥಳವಿದೆ. ಹಿಂದಿರುಗುವಾಗ ಕಾಪು, ಪಡುಬಿದ್ರಿ, ಮೂಲ್ಕಿಗಳ ಹೆದ್ದಾರಿಯಲ್ಲಿ ಬಂದರೆ ಪಡುಬಿದ್ರಿಯ ಕಡಲತೀರ ಸಿಗುತ್ತದೆ. ಚೊಕ್ಕಟತನಕ್ಕೂ ಸುರಕ್ಷಿತತೆಗೂ ಕೊಡುವ ನೀಲಿ ಬಾವುಟದ ಮನ್ನಣೆ 2020ರಲ್ಲಿ ಅದಕ್ಕೂ ಹೊನ್ನಾವರದ ಕಾಸರಕೋಡಿಗೂ ದೊರೆಯಿತು. ಜೀವರಕ್ಷಕರು ಕಾವಲಿರುವ, ಗುರುತು ಹಾಕಿದ ಮಿತಿಯೊಳಗೆ, ಮೊಳಕಾಲು ಮಟ್ಟದ ನೀರಿನಲ್ಲಿ, ಹಿರಿಯರು ಕಡಲ ಕಡೆಗೂ ಮಕ್ಕಳು ದಡದ ಕಡೆಗೂ ನಿಂತು ಆಡಲಿ. ದಡಕ್ಕೆ ಬಂದ ಅಲೆಯ ನೀರು ಹಿಂದಿರುಗಲು ಅಲ್ಲಲ್ಲಿ ಓಣಿ ಮಾಡಿಕೊಂಡಿರುತ್ತದೆ. ಅಲ್ಲಿ ಸೆಳೆತ ಬಲು ಜೋರು. ಅಕ್ಕಪಕ್ಕದಲ್ಲಿ ಅಲೆ ಒಡೆದು ನೊರೆಯೇಳುತ್ತಿದ್ದು, ನಡುವೆ ಮಾತ್ರ ನೀರು ಶಾಂತವಾಗಿ ಕಂಡರೆ ಅಲ್ಲೇ ಮೋಸವಿರಬಹುದು. ಅದರಲ್ಲಿ ಸಿಕ್ಕಿಕೊಂಡವನು ನೇರವಾಗಿ ದಡಕ್ಕೆ ಈಜಲು ಹೆಣಗಿದರೆ ಸೋತುಹೋಗುತ್ತಾನೆ. ಗಾಬರಿಯಾಗದೆ ತೇಲುತ್ತ, ದಡಕ್ಕೆ ಸಮವಾಗಿ ಪಕ್ಕಕ್ಕೆ ಸರಿಯಬೇಕು; ಓಣಿಯನ್ನು ದಾಟಿದರೆ ಸೆಳೆತ ಕುಗ್ಗುತ್ತದೆ, ಅಲೆಯೇ ದಡಕ್ಕೆ ತರುತ್ತದೆ. ಗೆಳೆಯ ಮುಳುಗುತ್ತಿದ್ದಾನೆಂದು ಮತ್ತೊಬ್ಬ ಹಾರುವುದರಿಂದ ಒಂದು ಸಾವು ಎರಡಾಗುತ್ತದೆ. ಹಗ್ಗ ಎಸೆಯಿರಿ, ಮುಚ್ಚಿದ ಬರಿಯ ಕ್ಯಾನ್ ಎಸೆಯಿರಿ, ಜೀವರಕ್ಷಕರನ್ನು ಕೂಗಿ ಕರೆಯಿರಿ, 112ಕ್ಕೆ ಕರೆ ಮಾಡಿ. ಈ ಪಾಠವನ್ನು ಬಸ್ಸಿನಲ್ಲಿ ಹಾಡಿನ ನಡುವೆ ಹೇಳಿದರೆ ಸಾಲದು. ಹಿಂದಿನ ದಿನ ತರಗತಿಯಲ್ಲಿ ಕರಿಹಲಗೆಯ ಮೇಲೆ ಗೆರೆ ಎಳೆದು ತೋರಿಸಬೇಕು.

ದೋಣಿಯಲ್ಲಿ ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ಇರಬೇಕು, ಅದರ ಪಟ್ಟಿಗಳನ್ನು ಬಿಗಿದಿರಬೇಕು. ಹೆಚ್ಚು ಜನರನ್ನು ತುಂಬಿದ್ದರೆ, ಇನ್ನೊಂದು ದೋಣಿಗೆ ಕಾಯುತ್ತೇವೆಂದು ಹೇಳುವ ಧೈರ್ಯ ಹಿರಿಯರಿಗಿರಬೇಕು. ಹತ್ತು ಮಕ್ಕಳಿಗೆ ಒಬ್ಬ ಹಿರಿಯರನ್ನು ಗೊತ್ತುಮಾಡಿ, ಹೆಸರಿನ ಪಟ್ಟಿಯನ್ನು ಅವರ ಕೈಗೆ ಕೊಡಿ. ಬಸ್ಸಿನಿಂದ ಇಳಿದಾಗ, ದೋಣಿ ಹತ್ತಿದಾಗ, ದ್ವೀಪದಲ್ಲಿ ಇಳಿದಾಗ, ಅಲ್ಲಿಂದ ಹೊರಡುವಾಗ, ಹೀಗೆ ನಾಲ್ಕು ಬಾರಿ ಎಣಿಸಿ. ದ್ವೀಪದಲ್ಲಿ ರಾತ್ರಿ ತಂಗುವಂತಿಲ್ಲ. ಕೊನೆಯ ದೋಣಿ ಎಷ್ಟು ಹೊತ್ತಿಗೆಂದು ಇಳಿಯುವಾಗಲೇ ಕೇಳಿಕೊಂಡು, ಅದಕ್ಕಿಂತ ಒಂದು ದೋಣಿ ಮೊದಲೇ ಹೊರಟುಬಿಡಿ.

ಇನ್ನು ಕಟ್ಟಿಕೊಳ್ಳಬೇಕಾದ ಗಂಟಿನ ಮಾತು. ಇದಕ್ಕೆ ಇತ್ತೀಚೆಗೆ ಇಕೋ ಟೂರಿಸಂ ಎಂಬ ದೊಡ್ಡ ಹೆಸರು ಬಂದಿದೆ. ಅದರ ತಿರುಳನ್ನು ನಮ್ಮ ಅಜ್ಜಿಯರು ಒಂದೇ ಮಾತಿನಲ್ಲಿ ಹೇಳುತ್ತಿದ್ದರು: ಹೋದ ಮನೆಗೆ ಹೊರೆಯಾಗಬೇಡ. ಕುಡಿಯುವ ನೀರು ಸ್ಟೀಲಿನ ಬಾಟ್ಲಿಯಲ್ಲಿರಲಿ. ಬನ್ಸ್, ಅವಲಕ್ಕಿ, ಬಾಳೆಹಣ್ಣು, ಎಲೆಯಲ್ಲಿ ಕಟ್ಟಿದ ಚಿತ್ರಾನ್ನ, ಇವು ಮನೆಯಿಂದಲೇ ಬರಲಿ. ಊಟವನ್ನು ಮಲ್ಪೆಯ ದಡದಲ್ಲೇ ಮುಗಿಸಿದರೆ ದ್ವೀಪಕ್ಕೆ ನೀರಿನ ಬಾಟ್ಲಿಯೊಂದೇ ಸಾಕು. ಬಿಸಿಲಿಗೆ ಕೊಡೆ ಹಿಡಿದು ಕಲ್ಲಿನ ಮೇಲೆ ನಡೆಯುವುದು ಕಷ್ಟ. ನಮ್ಮ ಅಡಕೆಹಾಳೆಯ ಮುಟ್ಟಾಳೆಗಿಂತ ಒಳ್ಳೆಯ ಟೊಪ್ಪಿ ಬೇರಿಲ್ಲ. ಜಾರದ ಅಡಿಯುಳ್ಳ ಚಪ್ಪಲಿ, ಒಂದು ಜೊತೆ ಒಣಬಟ್ಟೆ, ಗಾಯದ ಮುಲಾಮು, ದೋಣಿಯಲ್ಲಿ ವಾಂತಿ ಬರುವವರಿಗೆ ಮಾತ್ರೆ, ಇವಿಷ್ಟೆ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿನ ಹಲವು ಸಾಮಾನುಗಳನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ಕಾನೂನು ಇರಲಿ, ಇಲ್ಲದಿರಲಿ, ಅದು ನಮ್ಮ ಚೀಲದಲ್ಲಿ ಬೇಡ. ಗುಂಪಿಗೊಂದು ಗೋಣಿಚೀಲವನ್ನು ಖಾಲಿಯಾಗಿ ಒಯ್ಯಿರಿ. ನಮ್ಮಿಂದಾದ ಕಸವೆಲ್ಲ ಅದರಲ್ಲಿ ತುಂಬಿ ನಮ್ಮೊಡನೆಯೇ ಹಿಂದಿರುಗಲಿ.

ತರಬೇಕಾದುದು ಕಸವೊಂದನ್ನೇ. ದ್ವೀಪದ ಮರಳಿನಲ್ಲಿ ಬಣ್ಣಬಣ್ಣದ ಚಿಪ್ಪುಗಳಿವೆ. ಒಂದು ಮಗು ಒಂದು ಹಿಡಿ ತಂದರೆ ಏನಾದೀತೆಂದು ಕೇಳಬಹುದು. ದಿನಕ್ಕೆ ಸಾವಿರ ಮಂದಿ ಒಂದೊಂದು ಹಿಡಿ ತಂದರೆ? ಸತ್ತ ಚಿಪ್ಪಿನೊಳಗೆ ಸನ್ಯಾಸಿ ಏಡಿ ಮನೆ ಮಾಡಿರುತ್ತದೆ. ಪುಡಿಯಾದ ಚಿಪ್ಪೇ ಆ ದಡದ ಮರಳು. ಕಂಬದ ಚೂರನ್ನು ಮುರಿದು ತರುವುದಂತೂ ಒಂಬತ್ತು ಕೋಟಿ ವರ್ಷದ ಪುಸ್ತಕದ ಹಾಳೆಯನ್ನು ಹರಿದಂತೆ. ಮಕ್ಕಳ ಕೈಯಲ್ಲಿ ನೋಟುಪುಸ್ತಕ ಕೊಡಿ. ಕಂಬದ ಮೈಗಳನ್ನು ಎಣಿಸಿ ಬರೆಯಲಿ, ಐದು ಮೈಯವು ಎಷ್ಟು, ಆರು ಮೈಯವು ಎಷ್ಟು ಎಂದು ಪಟ್ಟಿ ಮಾಡಲಿ, ಬಂಡೆಯ ಮೇಲೆ ಕುಳಿತ ಬೆಳ್ಳಕ್ಕಿಯ ಚಿತ್ರ ಬಿಡಿಸಲಿ. ತಂದ ಚಿಪ್ಪು ವಾರದಲ್ಲಿ ಮೂಲೆ ಸೇರುತ್ತದೆ, ಬರೆದ ಪಟ್ಟಿ ನೆನಪಿನಲ್ಲಿ ಉಳಿಯುತ್ತದೆ.

ಕೊನೆಯದಾಗಿ ಒಂದು ಮಾತು. ದ್ವೀಪದ ದಡಕ್ಕೆ ಅಲೆ ತಂದು ಹಾಕಿದ ಬಾಟ್ಲಿ, ಚಪ್ಪಲಿ, ಲಕೋಟೆಗಳನ್ನು ಕಂಡು, ಪ್ರವಾಸಿಗರು ಹೊಲಸು ಮಾಡಿದರೆಂದು ನಾವು ಬೈಯುತ್ತೇವೆ. ಎಲ್ಲವೂ ಅವರ ಕೈಯಿಂದಲೇ ಬಿದ್ದುದಲ್ಲ. ಬೆಳ್ತಂಗಡಿಯ ತೋಡಿಗೆ ಎಸೆದುದು ನೇತ್ರಾವತಿಗೆ ಬರುತ್ತದೆ; ಪಾಣೆಮಂಗಳೂರಿನ ಸೇತುವೆಯ ಮೇಲಿನಿಂದ, ವಾಹನ ನಿಲ್ಲಿಸಿ, ಅತ್ತಿತ್ತ ನೋಡಿ ಎಸೆದ ಗಂಟು ಮೊದಲ ಮಳೆಗೆ ಉಳ್ಳಾಲದ ಅಳಿವೆ ಸೇರುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ಕಡಲೆಲ್ಲ ಊರೇ. ದ್ವೀಪವನ್ನು ನಾವು ವರ್ಷಕ್ಕೆ ಒಂದು ದಿನ ನೋಡಿಬಂದೇವು; ಉಳಿದ ದಿನಗಳಲ್ಲೆಲ್ಲ ನಮ್ಮ ಮನೆಯ ಕಸ ಕಡಲಿಗೆ ಯಾತ್ರೆ ಹೋಗುತ್ತಿದ್ದರೆ ಏನು ಪ್ರಯೋಜನ? ಆದುದರಿಂದ ದ್ವೀಪಯಾತ್ರೆಯ ಸಿದ್ಧತೆ ಮಲ್ಪೆಯ ದೋಣಿಕಟ್ಟೆಯಲ್ಲಿ ಮೊದಲಾಗುವುದಲ್ಲ, ನಮ್ಮ ಅಂಗಳದ ತೋಡಿನ ಬದಿಯಲ್ಲಿ ಮೊದಲಾಗುವುದು. ಈ ರಜೆಯಲ್ಲಿ ಹೊರಡುವವರೆಲ್ಲರೂ ಎಣಿಸಿಕೊಂಡು ಹೋದಷ್ಟೇ ಮಂದಿ ಎಣಿಸಿಕೊಂಡು ಮನೆಗೆ ಬರಲಿ. ಕಂಬಗಳು ನಿಂತಲ್ಲಿಯೇ ನಿಂತಿ­ರಲಿ.